ಕೆಲಸದ ದಿನದ ಬಂಗಾರ

(ದಾವಣಗೆರೆಯಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಂಟರ್‌ವ್ಯೂ ತಯಾರಿಗೆ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಒಂದು ಪ್ರಶ್ನೆಯನ್ನು ಕೇಳದೆ ಹೋಗುವುದಿಲ್ಲ. "ಮೇಡಂ, ಬಂಗಾರ ಹಾಕ್ಕೊಂಡು ಹೋಗ್ಲಾ, ಬಿಚ್ಚಿಟ್ಟು ಹೋಗ್ಲಾ?" ಹೊರಗಿನವರಿಗೆ ಇದು ಸಣ್ಣ ಮಾತು. ಕೇಳುವ ಹುಡುಗಿಗೆ ಸಣ್ಣದಲ್ಲ. ಮೂಗುಬೊಟ್ಟು ನೋಡಿ ಹಳ್ಳಿಯವಳು ಅಂದುಕೊಂಡರೆ? ಕಾಲುಂಗುರ ನೋಡಿ, ಮದುವೆಯಾಗಿದೆ, ಇವಳು ಹೆಚ್ಚು ದಿನ ಕೆಲಸದಲ್ಲಿ ನಿಲ್ಲಲ್ಲ ಅಂತ ಲೆಕ್ಕ ಹಾಕಿದರೆ? ಎಲ್ಲ ಬಿಚ್ಚಿಟ್ಟು ಹೊರಟರೆ ಮನೆಯಲ್ಲಿ ಅಮ್ಮ ಸುಮ್ನಿರುವುದಿಲ್ಲ. "ಬೋಳು ಕಿವಿಯಲ್ಲಿ ಎಲ್ಲಿಗೆ ಹೊರಟೆ?" ಅಂತಾರೆ.

ನಾನು ಹೇಳುವುದು ಇಷ್ಟು. ಎದುರಿಗೆ ಕೂತವರು ಏನಂದುಕೊಳ್ಳುತ್ತಾರೆ ಅನ್ನುವುದು ಆಮೇಲಿನ ಮಾತು. ಮೊದಲು ಕೆಲಸವನ್ನು ಕೇಳಿ. ಆ ಕೆಲಸದಲ್ಲಿ ನಿಮ್ಮ ಕೈ ಏನನ್ನು ಮುಟ್ಟುತ್ತದೆ? ನೀವು ಎಷ್ಟು ಸಲ ಬಗ್ಗುತ್ತೀರಿ? ಹತ್ತಿರದಲ್ಲಿ ತಿರುಗುವ ಯಂತ್ರ ಇದೆಯಾ, ರೋಗಿ ಇದ್ದಾರಾ, ಚಿಕ್ಕ ಮಕ್ಕಳಿದ್ದಾರಾ? ಕೆಲಸ ಬೇಡ ಅಂದದ್ದನ್ನು ಮರುಮಾತಿಲ್ಲದೆ ಬಿಚ್ಚಿ. ಕೆಲಸಕ್ಕೆ ಅಡ್ಡಿ ಇಲ್ಲದ್ದನ್ನು ನಾಚಿಕೆಗೋ ಅಂಜಿಕೆಗೋ ಬಿಚ್ಚಬೇಡಿ. ಇನ್ನೊಂದು ಮಾತು ತಂದೆ-ತಾಯಿಯರಿಗೆ ಇದೆ. ಅದನ್ನು ಆಮೇಲೆ ಹೇಳುತ್ತೇನೆ, ದಯವಿಟ್ಟು ಎದ್ದು ಹೋಗಬೇಡಿ.

ನಮ್ಮೂರಲ್ಲಿ ಈ ಮಾತನ್ನು ಆಸ್ಪತ್ರೆಯಿಂದಲೇ ಶುರು ಮಾಡಬೇಕು. ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಗಲ್ಲಿಗಲ್ಲಿಯ ನರ್ಸಿಂಗ್ ಹೋಂ, ಲ್ಯಾಬ್. ದಾವಣಗೆರೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದುಡಿಯುವುದು ಇಲ್ಲಿ. ರೋಗಿಯನ್ನು ಮುಟ್ಟುವ ಕೆಲಸದಲ್ಲಿ ಮೊಣಕೈಯಿಂದ ಕೆಳಗೆ ಕೈ ಖಾಲಿ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ಸ್ವಚ್ಛತೆಯ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ, ರೋಗಿಗಳನ್ನು ನೋಡಿಕೊಳ್ಳುವಾಗ ಉಂಗುರ ಬೇಡ ಎಂದು ಒತ್ತಿ ಹೇಳಿದೆ. ಉಂಗುರದ ಅಡಿಯ ಚರ್ಮಕ್ಕೆ ಸೋಪು, ಸ್ಯಾನಿಟೈಸರ್ ಸರಿಯಾಗಿ ತಲುಪುವುದಿಲ್ಲ. ಅಲ್ಲಿ ರೋಗಾಣು ಉಳಿದುಕೊಳ್ಳುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುತ್ತದೆ. ನಿಮ್ಮ ಜೊತೆ ಮನೆಗೂ ಬರುತ್ತದೆ. ಕಲ್ಲಿನ ಉಂಗುರ ಇದ್ದರಂತೂ ಗ್ಲೌಸ್ ಹರಿಯುತ್ತದೆ.

ಇಲ್ಲಿ ನಿಜವಾದ ಕಷ್ಟ ಹೊಸದಾಗಿ ಮದುವೆಯಾದ ನರ್ಸ್‌ಗಳದ್ದು. ಕೈತುಂಬ ಹಸಿರು ಬಳೆ. "ಕೈ ಬರಿದು ಮಾಡ್ಕೋಬಾರದು" ಅನ್ನುತ್ತಾರೆ ಮನೆಯ ಹಿರಿಯರು. ವಾರ್ಡಿನಲ್ಲಿ ಸಿಸ್ಟರ್ ಇನ್‌ಚಾರ್ಜ್ "ಬಳೆ ತೆಗೆದು ಬಾ" ಅನ್ನುತ್ತಾರೆ. ನಡುವೆ ಸಿಕ್ಕಿಕೊಂಡವಳು ಆ ಹುಡುಗಿ. ಅತ್ತೆಯಂದಿರಿಗೆ ಕೈಮುಗಿದು ಕೇಳುತ್ತೇನೆ: ಅವಳು ಬಳೆ ತೆಗೆಯುವುದು ನಿಮ್ಮ ಮಾತು ಮೀರುವುದಕ್ಕಲ್ಲ. ಆಗ ತಾನೇ ಹುಟ್ಟಿದ ಕೂಸನ್ನು ಎತ್ತಿಕೊಳ್ಳುವ ಕೈ ಅದು. ಡ್ಯೂಟಿ ಮುಗಿಸಿ ಮನೆಗೆ ಬಂದು ತೊಡಲಿ ಬಿಡಿ. ಇದಕ್ಕೊಂದು ಸುಲಭದ ದಾರಿಯೂ ಇದೆ. ಬಿಗಿಯಾದ ಗಾಜಿನ ಬಳೆಯನ್ನು ದಿನಾ ತೆಗೆದು ತೊಡುವುದು ಆಗದ ಮಾತು, ಒಡೆದು ಕೈಗೆ ಚುಚ್ಚುತ್ತದೆ. ಬಳೆಗಾರರ ಹತ್ತಿರ ಒಂದು ಅಳತೆ ದೊಡ್ಡದು ಕೇಳಿ. 2.4 ತೊಡುವವರು 2.6 ತೊಡಲಿ. ಸಲೀಸಾಗಿ ತೆಗೆಯಬಹುದು, ಸಂಜೆ ಮತ್ತೆ ತೊಡಬಹುದು.

ತಾಳಿಯನ್ನು ಬಿಚ್ಚಬೇಕಿಲ್ಲ, ಗಿಡ್ಡ ಮಾಡಬೇಕು. ಬಗ್ಗಿ ಇಂಜೆಕ್ಷನ್ ಕೊಡುವಾಗ ಸರ ರೋಗಿಯ ಮೇಲೆ ತೂಗಾಡಬಾರದು. ಸಮವಸ್ತ್ರದ ಒಳಗೆ ನಿಲ್ಲುವಷ್ಟು ಉದ್ದ ಸಾಕು. ಇವತ್ತು ಎಷ್ಟೋ ಜನ ಒಂದೆಳೆ ಕರಿಮಣಿಯಲ್ಲಿ ಸಣ್ಣ ತಾಳಿ ಪೋಣಿಸಿಕೊಂಡು ಕೆಲಸಕ್ಕೆ ಬರುತ್ತಾರೆ, ಅದು ಒಳ್ಳೆಯದು. ಎಂಆರ್‌ಐ ಕೋಣೆಯ ಕೆಲಸವಾದರೆ ಲೆಕ್ಕವೇ ಬೇರೆ. ಆ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ. ಬಂಗಾರವನ್ನು ಅದು ಎಳೆಯುವುದಿಲ್ಲ ನಿಜ. ಆದರೆ ಕೊಂಡಿಯ ಒಳಗಿನ ಸ್ಪ್ರಿಂಗ್ ಉಕ್ಕಿನದಾಗಿರಬಹುದು, ಲೋಹ ಬಿಸಿಯಾಗಲೂಬಹುದು. ಅಲ್ಲಿ ತಾಳಿ, ಕಾಲುಂಗುರ, ಪಿನ್ನು ಎಲ್ಲವೂ ಹೊರಗೆ.

ಲ್ಯಾಬ್ ಮತ್ತು ಕೆಮಿಸ್ಟ್ರಿಯ ಹುಡುಗಿಯರು ಒಂದು ವಿಷಯ ತಿಳಿದಿರಬೇಕು. ಪಾದರಸ ಬಂಗಾರವನ್ನು ಹಿಡಿದುಬಿಡುತ್ತದೆ. ಥರ್ಮಾಮೀಟರ್ ಒಡೆದು ಹನಿ ಉಂಗುರಕ್ಕೆ ತಾಗಿದರೆ ಉಂಗುರ ಬೆಳ್ಳಗಾಗುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅದನ್ನು ಮನೆಯಲ್ಲಿ ಕಾಯಿಸಲು ಹೋಗಬೇಡಿ, ಪಾದರಸದ ಹೊಗೆ ವಿಷ. ಬ್ಲೀಚಿಂಗ್ ದ್ರಾವಣವೂ ಬಂಗಾರಕ್ಕೆ, ಅದರಲ್ಲೂ ಬೆಸುಗೆ ಹಾಕಿದ ಜಾಗಕ್ಕೆ ಒಳ್ಳೆಯದಲ್ಲ.

ಇನ್ನು ಯಂತ್ರ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಗಿರಣಿಗಳ ಆ ಕಾಲ ಹೋಯಿತು. ಆದರೂ ಗಾರ್ಮೆಂಟ್ಸ್ ಇದೆ, ಮಗ್ಗಗಳಿವೆ, ಹರಿಹರದ ಕಡೆ ವರ್ಕ್‌ಶಾಪ್‌ಗಳಿವೆ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿವೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಓಡುವ ಯಂತ್ರದ ಹತ್ತಿರ ಕೆಲಸ ಮಾಡುವವರಿಗೆ ಮೈಗೆ ಅಂಟಿದ ಬಟ್ಟೆ ಬೇಕು ಎಂದಿತ್ತು. ಬಟ್ಟೆಗೆ ಹೇಳಿದ್ದು ಸರಕ್ಕೂ ಬಳೆಗೂ ಸೇರುತ್ತದೆ ಅಲ್ವಾ? ಉಂಗುರ ಯಂತ್ರಕ್ಕೆ ಸಿಕ್ಕರೆ ಬೆರಳಿನ ಚರ್ಮ ಮಾಂಸದ ಸಮೇತ ಸುಲಿದು ಬರುತ್ತದೆ, ಒಮ್ಮೊಮ್ಮೆ ಬೆರಳೇ ಹೋಗುತ್ತದೆ. ಲಾರಿಯಿಂದ ಜಿಗಿಯುವಾಗ ಉಂಗುರ ಕೊಕ್ಕೆಗೆ ಸಿಕ್ಕರೂ ಇದೇ ಗತಿ. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಬೆರಳು ಮತ್ತೆ ಬರುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಬೆರಳು ಖಾಲಿ ಬಿಡಲು ಮನಸ್ಸಿಲ್ಲದವರಿಗೆ ಸಿಲಿಕಾನ್ ಉಂಗುರ ಸಿಗುತ್ತದೆ. ಜೋರಾಗಿ ಎಳೆದರೆ ಅದು ತುಂಡಾಗಿ ಬೆರಳು ಉಳಿಯುತ್ತದೆ.

ಎಲೆಕ್ಟ್ರಿಕಲ್ ಓದುತ್ತಿರುವ ಹುಡುಗರೇ, ಹಿಂದಿನ ಸಾಲಿನವರೇ, ನಿಮಗೂ ಇದು ಸೇರುತ್ತದೆ. ಕೈಯಲ್ಲಿ ಕಡಗ, ಬೆರಳಿಗೆ ಹರಳಿನ ಉಂಗುರ, ಕೊರಳಲ್ಲಿ ದಪ್ಪ ಚೈನು. ಬಂಗಾರ, ಬೆಳ್ಳಿ, ತಾಮ್ರ, ಮೂರೂ ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹಗಳು. ಬರೀ 12 ವೋಲ್ಟ್‌ನ ಬ್ಯಾಟರಿಯ ಎರಡು ತುದಿಗಳ ನಡುವೆ ಉಂಗುರ ಮತ್ತು ಸ್ಪ್ಯಾನರ್ ಸೇರಿಬಿಟ್ಟರೆ, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಉಂಗುರ ಕೆಂಡದ ಹಾಗೆ ಕಾಯುತ್ತದೆ. ಪ್ಯಾನೆಲ್ ಮುಟ್ಟುವ ಮೊದಲು ಕಡಗವನ್ನೂ ಸ್ಟೀಲ್ ವಾಚನ್ನೂ ಬಿಚ್ಚಿಡಿ.

ಅಡುಗೆ, ಬೇಕರಿ, ಹೋಟೆಲ್ ಕೆಲಸಕ್ಕೆ ಹೆಚ್ಚು ಹೇಳಬೇಕಿಲ್ಲ. 2011ರ ಆಹಾರ ಸುರಕ್ಷತೆ ನಿಯಮಗಳಲ್ಲೇ, ಆಹಾರಕ್ಕೆ ತೊಂದರೆಯಾಗುವಂತಿದ್ದರೆ ಒಡವೆ, ವಾಚು, ಪಿನ್ನು ತೊಟ್ಟು ಒಳಗೆ ಬರಬಾರದು ಎಂದಿದೆ. ಬೆಣ್ಣೆ ದೋಸೆಯ ಹಿಟ್ಟಿನಲ್ಲಿ ಉಂಗುರದ ಹರಳು ಸಿಕ್ಕರೆ ಆ ಹೋಟೆಲ್‌ಗೆ ನೀವು ಮತ್ತೆ ಹೋಗುತ್ತೀರಾ? ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ತಾಯಂದಿರಿಗೆ ಇದು ಗೊತ್ತೇ ಇದೆ: ಬೆಂಕಿಯ ಮುಂದೆ ಲೋಹದ ಬಳೆ ಕಾದು ಕೈ ಸುಡುತ್ತದೆ.

ಈಗ ಮೇಜಿನ ಮುಂದೆ ಕೂರುವ ಕೆಲಸಗಳು. ಬ್ಯಾಂಕ್, ಕಚೇರಿ, ಸಾಫ್ಟ್‌ವೇರ್, ಕಾಲೇಜು, ಕೋರ್ಟು. ಇಲ್ಲಿ ಅಪಾಯ ಇಲ್ಲ. ಆದ್ದರಿಂದ ಇಲ್ಲಿ ಆಯ್ಕೆ ನಿಮ್ಮದೇ, ಅಂಜಿಕೆಯೂ ಇಲ್ಲೇ ಜಾಸ್ತಿ. ನಾನು ನೋಡುವುದು ಎರಡೇ ವಿಷಯ. ಸದ್ದು ಮಾಡುತ್ತದಾ? ನಿಮ್ಮ ಕೈಯನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುತ್ತದಾ?

ಸದ್ದಿನ ಮಾತು ಮೊದಲು. ಈಗ ಮೊದಲ ಸುತ್ತಿನ ಇಂಟರ್‌ವ್ಯೂಗಳು ಹೆಚ್ಚಾಗಿ ಆನ್‌ಲೈನ್‌ನಲ್ಲೇ ನಡೆಯುತ್ತವೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇದ್ದರೆ ಅದರ ಮೈಕ್ ಬಳೆಯ ಸದ್ದನ್ನು ನಿಮ್ಮ ಮಾತಿಗಿಂತ ಜೋರಾಗಿ ಎತ್ತಿಕೊಳ್ಳುತ್ತದೆ. ಉದ್ದದ ಹ್ಯಾಂಗಿಂಗ್ಸ್ ಇಯರ್‌ಫೋನ್ ತಂತಿಗೆ ತಾಗಿ ಕಟಕಟ ಅನ್ನುತ್ತದೆ. ಮನೆಯಲ್ಲೇ ನೋಡಿಕೊಳ್ಳಿ. ತೊಡಬೇಕೆಂದಿರುವುದನ್ನೆಲ್ಲ ತೊಟ್ಟು, ಫೋನ್‌ನಲ್ಲಿ ರೆಕಾರ್ಡ್ ಹಾಕಿ, ನಿಮ್ಮ ಪರಿಚಯವನ್ನು ಹೇಳಿ, ಟೈಪ್ ಮಾಡಿ, ತಲೆ ತಿರುಗಿಸಿ. ಆಮೇಲೆ ಕೇಳಿ. ಯಾವುದು ಬೇಡ ಅಂತ ನಿಮಗೇ ಗೊತ್ತಾಗುತ್ತದೆ. ಕಾಲ್ಗೆಜ್ಜೆಗೂ ಇದೇ ಮಾತು. ಗೆಜ್ಜೆ ಇಲ್ಲದ ತೆಳು ಕಾಲು ಚೈನು ಇದ್ದರೆ ತರಗತಿಯಲ್ಲಿ ಯಾರಿಗೂ ತೊಂದರೆ ಇಲ್ಲ. ಗೆಜ್ಜೆ ಇದ್ದರೆ ಪರೀಕ್ಷೆಯ ಕೋಣೆಯಲ್ಲಿ ನೀವು ಓಡಾಡಿದಷ್ಟು ಸಲವೂ ಮಕ್ಕಳ ತಲೆ ಏಳುತ್ತದೆ.

ಇನ್ನು ಕೈ. ಹೊಸ ಒಡವೆ ತೊಟ್ಟ ದಿನ ಕೈ ಸುಮ್ಮನೆ ಇರುವುದಿಲ್ಲ. ಓಲೆ ಇದೆಯಾ ಅಂತ ಮುಟ್ಟುತ್ತೇವೆ, ಉಂಗುರ ತಿರುಗಿಸುತ್ತೇವೆ, ಸರದ ಪದಕವನ್ನು ಎಳೆಯುತ್ತೇವೆ. ಎದುರಿಗೆ ಕೂತವರಿಗೆ ಅದು ಗಾಬರಿಯ ಹಾಗೆ ಕಾಣುತ್ತದೆ. ಆದ್ದರಿಂದ ಇಂಟರ್‌ವ್ಯೂಗೆ ಹೊಸ ಒಡವೆ ಬೇಡ. ದಿನಾ ತೊಡುವುದನ್ನೇ ತೊಡಿ. ಅಕ್ಕನ ನೆಕ್ಲೆಸ್ ಬೇಡಿ ತಂದು ಹಾಕಿಕೊಳ್ಳಬೇಡಿ. ಕಿವಿಗೆ ಒಂದು ಜೊತೆ, ಕೊರಳಿಗೆ ತೆಳು ಚೈನು ಅಥವಾ ತಾಳಿ, ಒಂದು ಕೈಗೆ ವಾಚು, ಇನ್ನೊಂದಕ್ಕೆ ಒಂದೇ ಬಳೆ. ಇಷ್ಟು ಎಂಥ ಕಚೇರಿಗೂ ಹೊಂದುತ್ತದೆ. ವಕೀಲಿಕೆಗೆ ಹೋಗುವವರಿಗೆ ಕೊರಳಲ್ಲಿ ಬಿಳಿ ಬ್ಯಾಂಡ್ ಇರುತ್ತದೆ. ಅದರ ಮೇಲೆ ಸರ ಬೇಡ, ಒಳಗೆ ಇರಲಿ. ಅಂಗನವಾಡಿ, ಪ್ರೈಮರಿ ಶಾಲೆಯ ಟೀಚರ್‌ಗಳಿಗೆ ಜುಮುಕಿ ಬೇಡವೇ ಬೇಡ. ಎತ್ತಿಕೊಂಡ ಮಗು ಎಳೆಯುವುದು ಮೊದಲು ಅದನ್ನೇ.

ಮೂಗುಬೊಟ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಯಾಕೆಂದರೆ ಹುಡುಗಿಯರು ಹೆಚ್ಚು ನೊಂದುಕೊಳ್ಳುವುದು ಇದಕ್ಕೆ. ಅದು ಸದ್ದು ಮಾಡುವುದಿಲ್ಲ, ಯಂತ್ರಕ್ಕೆ ಸಿಗುವುದಿಲ್ಲ, ಕೈ ತೊಳೆಯಲು ಅಡ್ಡಿಯಿಲ್ಲ. ಅದನ್ನು ಬಿಚ್ಚಿ ಅನ್ನುವುದಕ್ಕೆ ಹೆಚ್ಚಿನ ಕೆಲಸಗಳಲ್ಲಿ ಒಂದು ಕಾರಣವೂ ಇಲ್ಲ. ನಿಮ್ಮ ಅಜ್ಜಿ ತೊಟ್ಟದ್ದು, ಅಮ್ಮ ತೊಟ್ಟದ್ದು. ನೀವು ಇಷ್ಟಪಟ್ಟು ತೊಟ್ಟಿದ್ದರೆ ಹಾಗೇ ಹೋಗಿ, ನೆಟ್ಟಗೆ ಕೂತು ಮಾತಾಡಿ. ಇಷ್ಟವಿಲ್ಲದೆ ತೊಟ್ಟಿದ್ದರೆ ತೆಗೆಯಿರಿ, ಅದೂ ನಿಮ್ಮ ಹಕ್ಕು. ಕಾಲುಂಗುರಕ್ಕೂ ಇದೇ ಮಾತು. ಮದುವೆಯಾಗಿದೆ ಅನ್ನುವುದನ್ನು ಮುಚ್ಚಿಟ್ಟು ಕೆಲಸ ಹಿಡಿಯಬೇಕಾದ ಸ್ಥಿತಿ ಯಾವ ಹೆಣ್ಣಿಗೂ ಬರಬಾರದು. ತಾಂಡಾದಿಂದ ಬರುವ ಹೆಣ್ಣುಮಕ್ಕಳಿಗೂ ಹೇಳುತ್ತೇನೆ: ತೋಳಿನ ಬಳೆಗಳಲ್ಲಿ ಕೆಲಸಕ್ಕೆ ಅಡ್ಡಿಯಾಗುವುದನ್ನು ಮಾತ್ರ ತೆಗೆದಿಡಿ, ನಾಚಿಕೆಗೆ ಒಂದನ್ನೂ ತೆಗೆಯಬೇಡಿ.

ಇಷ್ಟಲಿಂಗದ ಕರಡಿಗೆ ಧರಿಸುವವರು ನಮ್ಮಲ್ಲಿ ಬಹಳ ಜನ. ಅಂಗಿಯ ಒಳಗೆ ಇದ್ದರೆ ಯಾವ ಕಚೇರಿಯ ಕೆಲಸಕ್ಕೂ ಅಡ್ಡಿಯಲ್ಲ. ಯಂತ್ರದ ಹತ್ತಿರ ಇರುವವರು ಶಿವದಾರವನ್ನು ಗಿಡ್ಡ ಮಾಡಿಸಿ, ಹೊರಗೆ ತೂಗದಂತೆ ನೋಡಿಕೊಳ್ಳಿ. ಎಂಆರ್‌ಐ ಅಥವಾ ಆಪರೇಷನ್ ಥಿಯೇಟರ್ ಕೆಲಸವಾದರೆ ಏನು ಮಾಡಬೇಕು ಎಂದು ಸೇರುವ ಮೊದಲೇ ಕೇಳಿಕೊಳ್ಳಿ. ಬಾಗಿಲಲ್ಲಿ ನಿಂತು ವಾದ ಮಾಡುವ ಹಾಗಾಗಬಾರದು.

ಪರೀಕ್ಷೆಗಳ ಬಗ್ಗೆ ಒಂದು ಮಾತು. ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪರೀಕ್ಷೆಗಳಲ್ಲಿ ಲೋಹದ ಒಡವೆಗೆ ತಡೆ ಇದೆ. 2023ರಲ್ಲಿ ಮಂಗಳಸೂತ್ರ, ಕಾಲುಂಗುರಕ್ಕೆ ಅಡ್ಡಿ ಇಲ್ಲ ಎಂದಿದ್ದರು. ಪ್ರತಿ ಪರೀಕ್ಷೆಯ ಹಾಲ್‌ಟಿಕೆಟ್‌ನಲ್ಲಿ ಏನು ಬರೆದಿದೆ ಅಂತ ಓದಿಕೊಂಡು ಹೋಗಿ. ಉಳಿದ ಬಂಗಾರ ಮನೆಯಲ್ಲಿರಲಿ. ಗೇಟಿನಲ್ಲಿ ಗುರುತಿಲ್ಲದವರ ಕೈಗೆ ಓಲೆ ಬಿಚ್ಚಿ ಕೊಟ್ಟು ಒಳಗೆ ಹೋದರೆ ಪರೀಕ್ಷೆ ಮೇಲೆ ಮನಸ್ಸು ನಿಲ್ಲುತ್ತದಾ?

ಈಗ ತಂದೆ-ತಾಯಿಯರಿಗೆ ಹೇಳಬೇಕೆಂದಿದ್ದ ಮಾತು. ಮಗಳ ಮದುವೆಗೆ ಅಂತ ಹುಟ್ಟಿದಾಗಿನಿಂದ ಬಂಗಾರ ಕೂಡಿಡುತ್ತೀರಿ. ಕಾಸಿನ ಸರ, ಬೋರಮಾಳ ಸರ, ಪಾಟ್ಲಿ, ಬಿಲ್ವಾರ. ಮದುವೆಯ ದಿನ ತೊಡುತ್ತಾಳೆ, ಆಮೇಲೆ ಯಾವುದೋ ಗೃಹಪ್ರವೇಶಕ್ಕೆ, ದುಗ್ಗಮ್ಮನ ಜಾತ್ರೆಗೆ. ಉಳಿದ ದಿನವೆಲ್ಲ ಅದು ಲಾಕರ್‌ನಲ್ಲಿ. ದಿನಾ ಕೆಲಸಕ್ಕೆ ಹೋಗುವ ಅದೇ ಮಗಳು ಕಿವಿಗೆ ಹಾಕಿಕೊಳ್ಳುವುದು ರಸ್ತೆ ಬದಿಯ ರೋಲ್ಡ್ ಗೋಲ್ಡ್ ಓಲೆ. ಅದರ ಮೇಲಿನ ಲೇಪ ಬೆವರಿಗೆ ಹೋದ ಮೇಲೆ ಒಳಗಿನ ನಿಕ್ಕಲ್ ಚರ್ಮಕ್ಕೆ ತಾಗುತ್ತದೆ. ಕಿವಿಯ ತೂತು ಕೆಂಪಾಗಿ, ತುರಿಸಿ, ನೀರು ಸೋರುತ್ತದೆ. ಇದು ನಿಕ್ಕಲ್ ಅಲರ್ಜಿ, ಬಹಳ ಜನರಿಗೆ ಇದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ಬಂಗಾರ ಇದೆ, ಮಗಳ ಕಿವಿಗೆ ಇಲ್ಲ.

ನಾನು ಕೇಳುವುದು ಒಂದು ತೊಲದಷ್ಟು. ಹಳೆಯ ತೊಲ ಅಂದರೆ 11.66 ಗ್ರಾಂ, ಈಗ ಅಂಗಡಿಯಲ್ಲಿ 10 ಗ್ರಾಂ ಲೆಕ್ಕ. ಅದರಲ್ಲಿ 3 ಗ್ರಾಂನ ಒಂದು ಜೊತೆ ಟಾಪ್ಸ್, 5 ಗ್ರಾಂನ ಚೈನು, 2 ಗ್ರಾಂನ ಉಂಗುರ ಬರುತ್ತದೆ. ಮದುವೆಯ ಬಂಗಾರದಲ್ಲಿ ಇಷ್ಟನ್ನು ಮಗಳ ಕೆಲಸದ ಬಂಗಾರ ಅಂತ ಬೇರೆ ಇಡಿ. ಅವಳು ಕೆಲಸಕ್ಕೆ ಸೇರುವ ಮೊದಲೇ ಕೊಡಿ, ಮದುವೆಗೆ ಕಾಯಬೇಡಿ. ಮಾದರಿಯನ್ನು ಅವಳೇ ಆರಿಸಲಿ. ಅಷ್ಟು ಆಗದಿದ್ದರೆ ಬೆಳ್ಳಿಯಾಗಲಿ, ಟೈಟಾನಿಯಂ ಆಗಲಿ ಸಾಕು. ಟೈಟಾನಿಯಂ ಓಲೆಗೆ ಅಲರ್ಜಿ ಆಗುವುದು ತೀರಾ ಅಪರೂಪ.

ಕೊಳ್ಳುವಾಗ ದಿನಬಳಕೆಗೆ ಯಾವುದು ತಡೆಯುತ್ತದೆ ಅಂತ ನೋಡಿ. 22 ಕ್ಯಾರೆಟ್‌ನಲ್ಲಿ ಬಂಗಾರ ನೂರಕ್ಕೆ 91.6 ಭಾಗ, ಅದಕ್ಕೇ 916 ಅನ್ನುವುದು. ಅದು ಮೆತ್ತಗೆ. ದಿನಾ ತಿರುಗಿಸಿದರೆ ಓಲೆಯ ತಿರುಪು ಸವೆಯುತ್ತದೆ, ಬಸ್ಸಿನಲ್ಲಿ ಬಿದ್ದದ್ದು ಗೊತ್ತೇ ಆಗುವುದಿಲ್ಲ. 18 ಕ್ಯಾರೆಟ್‌ನಲ್ಲಿ ಬಂಗಾರ 75 ಭಾಗ, ಗುರುತು 750. ಗಟ್ಟಿ ಜಾಸ್ತಿ, ಹರಳನ್ನು ಹಿಡಿದಿಡುತ್ತದೆ. ನಮ್ಮ ಕಡೆ 18 ಅಂದರೆ "ಕಡಿಮೆ ಬಂಗಾರ" ಅಂತ ಮೂಗು ಮುರಿಯುತ್ತಾರೆ. ಕೂಡಿಡುವುದಕ್ಕೆ 22 ಇರಲಿ. ದಿನಾ ತೊಡುವ ಹರಳಿನ ಓಲೆಗೆ 18 ಒಳ್ಳೆಯದು. ಆದರೆ 18ಕ್ಕೆ 18ರ ಬೆಲೆಯನ್ನೇ ಕೊಡಿ.

ಹಾಲ್‌ಮಾರ್ಕ್ ಅನ್ನುವ ಶುದ್ಧತೆಯ ಗುರುತು 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಎಚ್‌ಯುಐಡಿ ಇರಲೇಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆ, ಎಚ್‌ಯುಐಡಿ, ಈ ಮೂರನ್ನೂ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ, ಅಂಗಡಿಯಲ್ಲಿ ನಿಂತೇ ನೋಡಬಹುದು. ಕೆಲಸದ ಒಡವೆ ಕೊಳ್ಳುವವರಿಗೆ ಮುಖ್ಯವಾದದ್ದು ಇನ್ನೊಂದಿದೆ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮೂಗುಬೊಟ್ಟು, ಪುಟ್ಟ ಓಲೆ ಹೆಚ್ಚಾಗಿ ಇದರಲ್ಲೇ ಬರುತ್ತವೆ. ಅಂಥದ್ದಕ್ಕೆ ಕ್ಯಾರೆಟ್ ಎಷ್ಟು, ಹರಳು ಬಿಟ್ಟು ಬಂಗಾರದ ತೂಕ ಎಷ್ಟು, ಮಜೂರಿ ಎಷ್ಟು ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ.

ಕಿವಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಭಾರದ ಜುಮುಕಿಯನ್ನು ದಿನಾ ತೊಟ್ಟರೆ ತೂತು ಜಗ್ಗಿ ಉದ್ದವಾಗುತ್ತದೆ. ಪೂರ್ತಿ ಹರಿದರೆ ಹೊಲಿಗೆಯೇ ಗತಿ. ಹಬ್ಬಕ್ಕೆ ತೊಡಿ, ಮಾಟಿ ಹಾಕಿ ಭಾರವನ್ನು ಕೂದಲಿಗೆ ಹಂಚಿ. ಕೆಲಸಕ್ಕೆ ಹಗುರ ಇರಲಿ. ಹೆಲ್ಮೆಟ್ ಹಾಕುವವರು ಓಲೆಯ ಹಿಂದಿನ ಕಡ್ಡಿ ಚುಚ್ಚುವುದಿಲ್ಲವೇ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಮುತ್ತಿನ ಓಲೆ ಇಷ್ಟಪಡುವವರು ಪೌಡರ್, ಸೆಂಟು ಎಲ್ಲ ಆದ ಮೇಲೆ ಅದನ್ನು ತೊಡಿ, ಸಂಜೆ ಮೆತ್ತನೆ ಬಟ್ಟೆಯಲ್ಲಿ ಒರೆಸಿಡಿ.

ದಾರಿಯ ಭಯವೂ ಇದೆ. ಸಂಜೆ ಕೆಲಸ ಮುಗಿಸಿ ಬಸ್ ಸ್ಟ್ಯಾಂಡ್‌ನಿಂದ ಒಬ್ಬರೇ ನಡೆದು ಬರುವವರು ಸರವನ್ನು ದುಪ್ಪಟ್ಟದ ಒಳಗೆ ಇಟ್ಟುಕೊಳ್ಳಿ. ಕೆಲಸದ ಜಾಗದಲ್ಲಿ ಉಂಗುರ ಬಿಚ್ಚಿದರೆ ಏಪ್ರನ್ ಜೇಬಿಗೆ ಹಾಕಬೇಡಿ, ಅದು ಒಗೆಯಲು ಹೋಗುತ್ತದೆ. ಬೀಗ ಇರುವ ಡ್ರಾಯರ್ ಕೇಳಿ. ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ತಾಯಿಯೊಬ್ಬರು ಕೇಳಿದರು: "ನಮ್ಮತ್ತೆಯ ಹಳೇ ಸರ ಇದೆ. ಅದನ್ನ ಮುರಿಸಿ ಮಗಳಿಗೆ ಈ ಥರ ಸಣ್ಣ ಒಡವೆ ಮಾಡಿಸಬಹುದಾ?"

ಖಂಡಿತ ಮಾಡಿಸಬಹುದು ಅಮ್ಮ. ಮೊದಲು ಮನೆಯವರೆಲ್ಲ ಒಪ್ಪಲಿ, ಸರದ ಒಂದು ಫೋಟೋ ತೆಗೆದಿಡಿ. ಪತ್ತಾರರ ಹತ್ತಿರ ಹೋದಾಗ ಹರಳು, ಅರಗು, ದಾರ ಬಿಡಿಸಿ, ಬರೀ ಬಂಗಾರವನ್ನು ನಿಮ್ಮೆದುರೇ ತೂಗಿಸಿ ಬರೆದುಕೊಳ್ಳಿ. ಕರಗಿಸುವ ಮೊದಲು ಶುದ್ಧತೆ ಪರೀಕ್ಷೆ ಮಾಡಿಸಿ. ಹಳೆಯ ಸರಗಳಲ್ಲಿ ಬೆಸುಗೆ ಜಾಸ್ತಿ ಇರುತ್ತದೆ, ಹಾಗಾಗಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಬರಬಹುದು. ಅದಕ್ಕೆ ಬೇಜಾರಾಗಬೇಡಿ. ಕರಗಿಸುವಾಗ ಅಲ್ಲೇ ಕೂತಿರಿ, ಕರಗಿದ ಗಟ್ಟಿಯನ್ನು ಇನ್ನೊಮ್ಮೆ ತೂಗಿಸಿ. ಹೊಸ ಒಡವೆ 2 ಗ್ರಾಂಗಿಂತ ಹೆಚ್ಚಿದ್ದರೆ ಹಾಲ್‌ಮಾರ್ಕ್ ಹಾಕಿಸಿಕೊಡಿ ಅಂತ ಮೊದಲೇ ಮಾತಾಡಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.